ಪಾರ್ವತಿ ಕಣಿವೆಯಲ್ಲಿ ಕಾಣೆಯಾದವರು ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಸರ್, ನನ್ನ ಮಗನಿಗೆ 26 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕುಮಾರ ಪರ್ವತ, ಕುದುರೆಮುಖ ಎಲ್ಲ ಹತ್ತಿ ಬಂದಿದ್ದಾನೆ. ಈ ಸಲ ಸೆಪ್ಟೆಂಬರ್‌ನಲ್ಲಿ ಹಿಮಾಚಲದ ಪಾರ್ವತಿ ಕಣಿವೆಗೆ ಒಬ್ಬನೇ ಹೋಗುತ್ತೇನೆ, ಖೀರ್‌ಗಂಗಾ ದಾಟಿ ಮಾನ್‌ತಲಾಯ್ ಸರೋವರದವರೆಗೆ ನಡೆಯುತ್ತೇನೆ ಅಂತ ಹಟ ಹಿಡಿದಿದ್ದಾನೆ. 2016ರಲ್ಲಿ ಅದೇ ದಾರಿಯಲ್ಲಿ ಜಸ್ಟಿನ್ ಅಲೆಕ್ಸಾಂಡರ್ ಶೆಟ್ಲರ್ ಎಂಬ ಅಮೆರಿಕದವನು ಕಾಣೆಯಾದ ಕಥೆ ಓದಿದ ಮೇಲೆ ನನಗೆ ರಾತ್ರಿ ನಿದ್ದೆಯಿಲ್ಲ. ಆ ಕಣಿವೆಯಲ್ಲಿ ಮಾಟ ಮಾಡುವ ಬಾಬಾಗಳಿದ್ದಾರೆ, ಚರಸ್ ಮಾಫಿಯಾ ಇದೆ ಅನ್ನುತ್ತಾರೆ. ಹೆಲಿಕಾಪ್ಟರ್ ಹಾರಿಸಿದರೂ ಒಬ್ಬ ಮನುಷ್ಯ ಸಿಗದೇ ಹೋಗುವುದು ಹೇಗೆ? ‘ಮೊಬೈಲ್ ಇದೆ, ಜಿಪಿಎಸ್ ಇದೆ, ಹೆದರಬೇಡಮ್ಮ’ ಅನ್ನುತ್ತಾನೆ. ಬೇಡ ಅಂದರೆ ಹೇಳದೇ ಹೋಗಿಬಿಡುತ್ತಾನೋ ಎಂಬ ಭಯ. ಏನು ಮಾಡಲಿ? (ಹೆಸರು ಬೇಡ, ಶಿರಸಿ)

ಉತ್ತರ: ಹೇಳದೇ ಹೋಗಿಬಿಟ್ಟಾನು ಎಂಬ ನಿಮ್ಮ ಕೊನೆಯ ಭಯವನ್ನೇ ನಾನು ಮೊದಲು ಹಿಡಿದುಕೊಳ್ಳುತ್ತೇನೆ, ಯಾಕೆಂದರೆ ಉಳಿದ ಎಲ್ಲದಕ್ಕಿಂತ ದೊಡ್ಡ ಅಪಾಯ ಅದೇ. ಹಿಮಾಲಯದಲ್ಲಿ ಚಾರಣ ತಂಡಗಳನ್ನು ನಡೆಸುತ್ತ, ಆಗಾಗ ಹುಡುಕಾಟಗಳಿಗೂ ಹೋಗುತ್ತ ಬಂದವನಾಗಿ ನಾನು ಕಂಡದ್ದು ಇಷ್ಟು: ಬೆಟ್ಟದಲ್ಲಿ ಅಪಘಾತ ಯಾರಿಗೆ ಬೇಕಾದರೂ ಆಗಬಹುದು. ಆದರೆ ‘ಕಾಣೆಯಾದ’ ಎಂದು ಬರೆಸಿಕೊಳ್ಳುವವನು ಸಾಮಾನ್ಯವಾಗಿ ಎಲ್ಲಿಗೆ, ಯಾವ ದಾರಿಯಲ್ಲಿ, ಯಾವತ್ತು ವಾಪಸು ಎಂಬುದನ್ನು ಯಾರಿಗೂ ಸರಿಯಾಗಿ ಹೇಳದೆ ಹೋದವನು.

ಶೆಟ್ಲರ್ ಕಥೆಯನ್ನು ಈ ಕಣ್ಣಿನಿಂದ ನೋಡಿ. ಆತನಿಗೆ 35 ವರ್ಷ. ಕಾಡಿನಲ್ಲಿ ಬದುಕುವ ವಿದ್ಯೆಯನ್ನು ಹುಡುಗನಾಗಿದ್ದಾಗಿನಿಂದ ಕಲಿತವನು. ಹೆಜ್ಜೆ ಗುರುತು ಓದುವುದು, ಬೆಂಕಿ ಹೊತ್ತಿಸುವುದು, ಬರಿಗೈಯಲ್ಲಿ ದಿನ ಕಳೆಯುವುದು ಎಲ್ಲ ಗೊತ್ತಿತ್ತು. ರಾಯಲ್ ಎನ್‌ಫೀಲ್ಡ್ ಬೈಕಿನಲ್ಲಿ ಉತ್ತರ ಭಾರತ ಸುತ್ತಿ, ಖೀರ್‌ಗಂಗಾದ ಹತ್ತಿರದ ಗುಹೆಯೊಂದರಲ್ಲಿ ಕೆಲವು ವಾರ ಇದ್ದ. ಅಲ್ಲಿ ಪರಿಚಯವಾದ ಒಬ್ಬ ಸಾಧು ಮತ್ತು ಒಬ್ಬ ಪೋರ್ಟರ್ ಜತೆ ಮಾನ್‌ತಲಾಯ್‌ಗೆ ಹೊರಟ. ಹೊರಡುವ ಮುನ್ನ ತನ್ನ ಬ್ಲಾಗ್‌ನಲ್ಲಿ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮರಳಬಹುದು, ಬರದಿದ್ದರೆ ಹುಡುಕಬೇಡಿ ಎಂಬರ್ಥದ ಮಾತು ಬರೆದು, ಕೊನೆಗೊಂದು ಕಣ್ಣು ಮಿಟುಕಿಸುವ ಚಿಹ್ನೆ ಹಾಕಿದ. ಸೆಪ್ಟೆಂಬರ್ ಮೊದಲ ವಾರದ ಆಚೆಗೆ ಅವನನ್ನು ಕಂಡವರಿಲ್ಲ. ಅಕ್ಟೋಬರ್‌ನಲ್ಲಿ ತಾಯಿ ಅಮೆರಿಕದಿಂದ ಬಂದರು, ಹೆಲಿಕಾಪ್ಟರ್ ಹಾರಿತು, ಸ್ಥಳೀಯರು ದಾರಿಯುದ್ದಕ್ಕೂ ಜಾಲಾಡಿದರು. ಊರುಗೋಲು, ಕೊಳಲು ಹೀಗೆ ಅವನವೆನ್ನಲಾದ ಕೆಲವು ವಸ್ತುಗಳು ನದಿಯ ಆಸುಪಾಸಿನಲ್ಲಿ ಸಿಕ್ಕವು. ಅವನು ಸಿಗಲಿಲ್ಲ. ಪೊಲೀಸರು ಆ ಸಾಧುವನ್ನು ಹಿಡಿದು ವಿಚಾರಣೆ ನಡೆಸುತ್ತಿದ್ದಾಗ ಆತ ವಶದಲ್ಲಿದ್ದಲ್ಲೇ ಸತ್ತ. ಆತ್ಮಹತ್ಯೆ ಎಂದು ಪೊಲೀಸರು ಹೇಳಿದರು. ಯಾವ ನ್ಯಾಯಾಲಯದಲ್ಲೂ ಅವನ ಮೇಲೆ ಏನೂ ಸಾಬೀತಾಗಲಿಲ್ಲ. ಕೊನೆಯ ದಿನಗಳಲ್ಲಿ ಶೆಟ್ಲರ್ ಜತೆಗಿದ್ದವನ ಬಾಯಿಯೂ ಅಲ್ಲಿಗೆ ಮುಚ್ಚಿಹೋಯಿತು.

ದಿನಾಂಕಗಳನ್ನು ಗಮನಿಸಿದಿರಾ? ಕಾಣೆಯಾದದ್ದು ಸೆಪ್ಟೆಂಬರ್ ಆರಂಭದಲ್ಲಿ. ದೊಡ್ಡ ಮಟ್ಟದ ಹುಡುಕಾಟ ನಡೆದದ್ದು ಅಕ್ಟೋಬರ್‌ನಲ್ಲಿ. ‘ಮಧ್ಯಭಾಗದ ಹೊತ್ತಿಗೆ, ಬರಬಹುದು’ ಎಂದವನಿಗೆ ತಡವಾಯಿತು ಎಂದು ಯಾವತ್ತು ತೀರ್ಮಾನಿಸುವುದು? ಹದಿನೈದಕ್ಕೋ, ಇಪ್ಪತ್ತಕ್ಕೋ? ಹುಡುಕಬೇಡಿ ಎಂದು ತಾನೇ ಬರೆದವನನ್ನು ಹುಡುಕಲು ಹೊರಡುವವರು ಎರಡು ಸಲ ಯೋಚಿಸುತ್ತಾರೆ. ಅಷ್ಟು ಹೊತ್ತಿಗೆ ಮಳೆ ಬಂದು ಹೆಜ್ಜೆ ಗುರುತು ಅಳಿಸಿರುತ್ತದೆ, ಎತ್ತರದಲ್ಲಿ ಹೊಸ ಹಿಮ ಬಿದ್ದಿರುತ್ತದೆ, ಬೇಸಗೆಯಲ್ಲಿ ಮೇಲೆ ಕುರಿ ಮೇಯಿಸುವ ಗದ್ದಿ ಕುರುಬರು ಮಂದೆ ಹೊಡೆದುಕೊಂಡು ಕೆಳಗಿಳಿದಿರುತ್ತಾರೆ. ಆ ಕುರುಬರೇ ಅಲ್ಲಿನ ಕಣ್ಣು. ಹುಡುಕಾಟ ಶುರುವಾಗುವ ಹೊತ್ತಿಗೆ ಅವರು ಇಲ್ಲವೆಂದರೆ ಕೇಳಲು ಯಾರೂ ಇಲ್ಲ.

ಏನಾಗಿರಬಹುದು ಎಂದು ನನ್ನನ್ನು ಕೇಳಿದರೆ, ನದಿ ಎನ್ನುತ್ತೇನೆ. ಇದು ಊಹೆ, ಅಷ್ಟೇ. ಕೊಲೆಯ ಸಾಧ್ಯತೆಯನ್ನು ತಳ್ಳಿಹಾಕಲಾರೆ. ಆತ ಬೇಕೆಂದೇ ಎಲ್ಲವನ್ನೂ ಬಿಟ್ಟು ಸನ್ಯಾಸಿಯಂತೆ ಎಲ್ಲೋ ಬದುಕಿದ್ದಾನೆ ಎಂದು ನಂಬುವವರೂ ಇದ್ದಾರೆ. ನನಗೆ ಆ ನಂಬಿಕೆ ಇಲ್ಲ. ಹಿಮಾಲಯದ ಹಳ್ಳಿಗಳಲ್ಲಿ ಹೊಸಬನೊಬ್ಬ ಬಂದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆರಡಿ ಎತ್ತರದ ಬಿಳಿಯನೊಬ್ಬ ವರ್ಷಗಟ್ಟಲೆ ಅಡಗಿರುವುದು ಆಗದ ಮಾತು.

ನದಿ ಎನ್ನಲು ಕಾರಣವಿದೆ. ಬರ್ಶೈನಿಯಲ್ಲಿ ರಸ್ತೆ ಮುಗಿದ ಮೇಲೆ ದಾರಿ ಬಹುಪಾಲು ಪಾರ್ವತಿ ನದಿಯ ಮೇಲ್ಭಾಗದಲ್ಲೇ ಸಾಗುತ್ತದೆ. ಸುಮಾರು 2,950 ಮೀಟರ್ ಎತ್ತರದ ಖೀರ್‌ಗಂಗಾದವರೆಗೆ ಜನ, ಚಹಾ ಅಂಗಡಿ, ಬಿಸಿನೀರಿನ ಕುಂಡ ಎಲ್ಲ ಇವೆ. ಅದು ದಾಟಿ ಟುಂಡಾ ಭುಜ್, ಠಾಕುರ್ ಕುವಾನ್ ಕಡೆ ನಡೆದರೆ ದಾರಿ ಬಡವಾಗುತ್ತ ಹೋಗುತ್ತದೆ. ಮುಂದೆ ಪಾಂಡುಪುಲ್ ಎಂಬ ಜಾಗ ಬರುತ್ತದೆ. ಮನೆಗಾತ್ರದ ಬಂಡೆಗಳು ನದಿಗೆ ಅಡ್ಡ ಬಿದ್ದು ತಾವೇ ಸೇತುವೆಯಾಗಿವೆ. ಪಾಂಡವರು ಇಟ್ಟದ್ದು ಎಂದು ಅಲ್ಲಿಯವರ ನಂಬಿಕೆ. ಬಂಡೆಯ ಮೈಗೆ ಕೆತ್ತಿದ ಸಣ್ಣ ಮೆಟ್ಟಿಲುಗಳ ಮೇಲೆ ಕಾಲಿಡಬೇಕು. ಒಣಗಿದ್ದರೆ ಸಲೀಸು. ನೀರಿನ ಹನಿ ಹಾರಿ ನೆನೆದಿದ್ದರೆ ಬೂಟಿನ ಅಡಿ ಹಿಡಿಯುವುದಿಲ್ಲ. ಬೆನ್ನಿನ ಹೊರೆ ಹಿಂದಕ್ಕೆ ಜಗ್ಗುತ್ತಿರುತ್ತದೆ, ಕೆಳಗಿನ ಸದ್ದಿಗೆ ಪಕ್ಕದಲ್ಲಿದ್ದವನ ಕೂಗೂ ಕೇಳುವುದಿಲ್ಲ. ಅಲ್ಲಿ ಜಾರಿದವನ ಬಗ್ಗೆ ಹೇಳಲು ಇನ್ನೊಬ್ಬ ಬೇಕು.

ಈ ನದಿ ಹಿಮ ಕರಗಿದ ನೀರು. ಬೆಳಗಿನ ಜಾವ ಇಳಿದಿರುವ ಉಪನದಿ ಮಧ್ಯಾಹ್ನದ ಬಿಸಿಲಿಗೆ ಏರಿ, ಸಂಜೆಯ ಹೊತ್ತಿಗೆ ತೊಡೆ ಮಟ್ಟ ಮುಟ್ಟುತ್ತದೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ನಾಲಾವನ್ನು ಸಂಜೆ ವಾಪಸು ಬರುವಾಗ ದಾಟಲಾಗದು ಎಂಬುದು ನಮ್ಮ ಪಶ್ಚಿಮ ಘಟ್ಟದ ಹುಡುಗರಿಗೆ ಹೊಳೆಯುವುದೇ ಇಲ್ಲ. ನಮ್ಮ ಹೊಳೆ ಏರಬೇಕಾದರೆ ಮಳೆ ಬರಬೇಕು. ಅಲ್ಲಿ ಆಕಾಶ ತಿಳಿಯಾಗಿದ್ದಷ್ಟೂ ನೀರು ಹೆಚ್ಚು.

ದೇಹ ಯಾಕೆ ಸಿಗುವುದಿಲ್ಲ ಎಂಬುದಕ್ಕೂ ಈ ತಣ್ಣೀರೇ ಉತ್ತರ. ಬೆಚ್ಚನೆಯ ನೀರಿನಲ್ಲಿ ಮುಳುಗಿದ ದೇಹ ಕೆಲವು ದಿನಗಳಲ್ಲಿ ಒಳಗೆ ಅನಿಲ ತುಂಬಿ ಮೇಲೆ ತೇಲುತ್ತದೆ. ಹಿಮಗಲ್ಲಿನ ನೀರಿನಲ್ಲಿ ಕೊಳೆಯುವುದೇ ನಿಧಾನ, ಹಾಗಾಗಿ ತೇಲದೆಯೂ ಇರಬಹುದು. ಬಂಡೆಗಳ ಅಡಿಯ ಸಂದುಗಳಲ್ಲಿ ಸಿಕ್ಕಿಕೊಂಡರೆ ಮೇಲಿನಿಂದ ಯಾರಿಗೂ ಕಾಣದು. ತಾಯಿಯಾದ ನಿಮಗೆ ಇದನ್ನು ಓದುವುದು ಕಷ್ಟ ಎಂದು ಗೊತ್ತು. ಆದರೆ ಮಾಟದ ಕಥೆಗಿಂತ ಇದನ್ನು ತಿಳಿದಿರುವುದು ಮೇಲು.

ಮಾಟ, ಮಾಫಿಯಾ ವಿಷಯ. 1990ರ ದಶಕದಿಂದ ಈಚೆಗೆ ಆ ಕಣಿವೆಯಲ್ಲಿ ಕಾಣೆಯಾದ ವಿದೇಶಿಯರ ಸಂಖ್ಯೆ ಎರಡು ಡಜನ್ ದಾಟಿದೆ ಎಂದು ಪತ್ರಿಕೆಗಳು ಬರೆಯುತ್ತ ಬಂದಿವೆ. (ಆ ಲೆಕ್ಕ ವಿದೇಶಿಯರದ್ದು. ಅವರ ಹಿಂದೆ ರಾಯಭಾರ ಕಚೇರಿ ಬರುತ್ತದೆ, ಸುದ್ದಿಯಾಗುತ್ತದೆ. ನಮ್ಮ ಕಡೆಯ ಹುಡುಗ ಕಾಣೆಯಾದರೆ ಆ ಪಟ್ಟಿಗೆ ಸೇರುವುದಿಲ್ಲ.) ಮಲಾಣಾ ಎಂಬ ಹಳ್ಳಿ ಮತ್ತು ಸುತ್ತಲಿನ ಬೆಟ್ಟಗಳಲ್ಲಿ ಚರಸ್ ದಂಧೆ ಇರುವುದು ನಿಜ, ಅದರ ಸುತ್ತ ಹೊಡೆದಾಟ, ಸುಲಿಗೆ ನಡೆದಿರುವುದೂ ನಿಜ. ದಂಧೆಯ ಹತ್ತಿರ ಸುಳಿಯದ ಚಾರಣಿಗನನ್ನು ಅದು ಹುಡುಕಿಕೊಂಡು ಬರುವುದು ಅಪರೂಪ. ನಿಮ್ಮ ಮಗ ಸೇದುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಸೇದುವವನಾದರೆ ಎರಡು ಅಪಾಯ: ಒಂದು, ಯಾರ ಜತೆ ಕೂರುತ್ತಾನೆ ಎಂಬುದು. ಇನ್ನೊಂದು, ಅಮಲಿನಲ್ಲಿ ಆ ಬಂಡೆಗಳ ಮೇಲೆ ನಡೆಯುವುದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ಬೇರೆ ಪ್ರಕರಣಗಳಲ್ಲಿ ಬಟ್ಟೆ ಬಿಚ್ಚಿದ ಸ್ಥಿತಿಯಲ್ಲಿ ಶವ ಸಿಕ್ಕಿತು, ಹಾಗಾಗಿ ಕೊಲೆಯೇ ಎಂಬ ಸುದ್ದಿಗಳನ್ನೂ ನೀವು ಓದಿರಬಹುದು. ಚಳಿಯಿಂದ ಸಾಯುವವರಲ್ಲಿ ಕೊನೆಯ ಹಂತದಲ್ಲಿ ಹೀಗಾಗುವುದುಂಟು. ಚರ್ಮದ ರಕ್ತನಾಳಗಳು ಅಷ್ಟು ಹೊತ್ತು ಬಿಗಿದುಕೊಂಡಿದ್ದು ಒಮ್ಮೆಲೇ ಸಡಿಲಗೊಂಡು ಮೈ ಉರಿಯುತ್ತಿದೆ ಎನಿಸುತ್ತದೆ, ಮನುಷ್ಯ ಜಾಕೆಟ್ ಕಿತ್ತೆಸೆಯುತ್ತಾನೆ. ಆಮೇಲೆ ಪೊದೆಯೊಳಗೋ ಬಂಡೆಯಡಿಗೋ ತೆವಳಿ ನುಗ್ಗುತ್ತಾನೆ. ಹುಡುಕುವವರು ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ.

ಪಕ್ಕದಲ್ಲೇ ಹಾದುಹೋಗುವುದು ಎಂದೆನಲ್ಲ, ಅದಕ್ಕೆ ಅಮೆರಿಕದ್ದೇ ಒಂದು ಪ್ರಕರಣ ಇದೆ. 2013ರ ಜುಲೈನಲ್ಲಿ ಮೇನ್ ರಾಜ್ಯದಲ್ಲಿ, ಅಪಲೇಚಿಯನ್ ಟ್ರೇಲ್ ಎಂಬ ಉದ್ದದ ಚಾರಣ ದಾರಿಯಲ್ಲಿ ನಡೆಯುತ್ತಿದ್ದ 66 ವರ್ಷದ ಮಹಿಳೆಯೊಬ್ಬರು ಬಹಿರ್ದೆಸೆಗೆಂದು ದಾರಿ ಬಿಟ್ಟು ಪಕ್ಕಕ್ಕೆ ಹೋದರು. ಹಿಂದಿರುಗಿ ದಾರಿ ಸಿಗಲಿಲ್ಲ. ಗಂಡನಿಗೆ ಮೆಸೇಜ್ ಕಳಿಸಲು ನೋಡಿದರು, ಸಿಗ್ನಲ್ ಇಲ್ಲದೆ ಯಾವುದೂ ಹೋಗಲಿಲ್ಲ. ಸಿಗ್ನಲ್ ಹುಡುಕಿ ಎತ್ತರಕ್ಕೆ ಹತ್ತಿದರು, ಹಾಗೆ ಇನ್ನಷ್ಟು ದೂರವಾದರು. ಟೆಂಟ್ ಹಾಕಿಕೊಂಡು ಕನಿಷ್ಠ 19 ದಿನ ಬದುಕಿದ್ದರೆಂಬುದು ಅವರ ದಿನಚರಿಯಿಂದ ತಿಳಿಯಿತು. ಆ ರಾಜ್ಯದ ದೊಡ್ಡ ಹುಡುಕಾಟಗಳಲ್ಲಿ ಅದೂ ಒಂದು. ನಾಯಿಗಳಿದ್ದವು, ವಿಮಾನಗಳಿದ್ದವು. ಅವರ ಅವಶೇಷ ಸಿಕ್ಕಿದ್ದು 2015ರ ಅಕ್ಟೋಬರ್‌ನಲ್ಲಿ, ದಾರಿಯಿಂದ ಒಂದು ಕಿಲೋಮೀಟರ್‌ಗೂ ಕಡಿಮೆ ದೂರದಲ್ಲಿ. ಫ್ರಾನ್ಸ್-ಸ್ಪೇನ್ ಗಡಿಯ ಪಿರನೀಸ್ ಪರ್ವತಗಳಲ್ಲಿ 2020ರ ನವೆಂಬರ್‌ನಲ್ಲಿ ಕಾಣೆಯಾದ ಬ್ರಿಟಿಷ್ ಮಹಿಳೆಯ ದೇಹವೂ ಮರುವರ್ಷ ಸಿಕ್ಕಿತು. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನದಲ್ಲಿ 2010ರಲ್ಲಿ ಕಾಣೆಯಾದವರೊಬ್ಬರು ಸಿಗಲು 2022 ಬರಬೇಕಾಯಿತು. ಇಂಥದನ್ನೆಲ್ಲ ಓದಿದ ಮೇಲೆ ‘ಹುಡುಕಿದ್ದೇವೆ, ಅಲ್ಲಿಲ್ಲ’ ಎಂಬ ಮಾತಿಗೆ ನಾನು ಬಹಳ ಬೆಲೆ ಕೊಡುವುದಿಲ್ಲ.

ಲೆಕ್ಕ ಹಾಕಿದರೂ ಗೊತ್ತಾಗುತ್ತದೆ. ಗಂಟೆಗೆ ಮೂರು ಕಿಲೋಮೀಟರ್ ನಡೆಯುವವನು ಕೊನೆಗೆ ಕಂಡ ಜಾಗದಿಂದ ಒಂದು ಗಂಟೆಯಲ್ಲಿ ಯಾವ ದಿಕ್ಕಿಗೂ ಹೋಗಿರಬಹುದಾದರೆ ಹುಡುಕಬೇಕಾದ ಜಾಗ ಸುಮಾರು 28 ಚದರ ಕಿಲೋಮೀಟರ್. ಎರಡು ಗಂಟೆಯಾದರೆ 113. ಹೊತ್ತು ಇಮ್ಮಡಿಯಾದರೆ ಜಾಗ ನಾಲ್ಕು ಪಟ್ಟು. ಕಣಿವೆಯಲ್ಲಿ ಎಲ್ಲ ದಿಕ್ಕಿಗೂ ನಡೆಯಲಾಗದು, ಅದು ಸ್ವಲ್ಪ ಸಮಾಧಾನ. ಆದರೆ ನಕ್ಷೆಯ ಒಂದು ಚದರ ಕಿಲೋಮೀಟರ್ ಎಂದರೆ ಅಲ್ಲಿ ಕಡಿದಾದ ಇಳಿಜಾರು, ದೇವದಾರು ಕಾಡು, ಬಂಡೆರಾಶಿ. ಹೆಲಿಕಾಪ್ಟರ್‌ನಿಂದ ಮರದಡಿಯ ಮನುಷ್ಯ ಕಾಣುವುದಿಲ್ಲ. ಕಂದು ಬಣ್ಣದ ಶಾಲು ಹೊದ್ದವನಂತೂ ಬಯಲಲ್ಲೂ ಕಾಣುವುದಿಲ್ಲ.

ನಿಮ್ಮ ಕಡೆಯ ಕಾಡಿನಲ್ಲೂ ಯಾವುದೋ ಬಳ್ಳಿ ದಾಟಿದರೆ ದಾರಿ ತಪ್ಪುತ್ತದೆ, ಸುತ್ತಿದಲ್ಲೇ ಸುತ್ತುತ್ತೇವೆ ಎಂಬ ಮಾತಿದೆಯಲ್ಲ? ಬಳ್ಳಿಯ ವಿಷಯ ಬಿಡಿ, ಸುತ್ತುವುದು ಖರೆ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಜಿಪಿಎಸ್ ಕಟ್ಟಿ, ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನೇರವಾಗಿ ನಡೆಯಲು ಹೇಳಿದರು. ಸೂರ್ಯ ಕಂಡಾಗ ನೇರ ನಡೆದರು. ಮೋಡ ಮುಚ್ಚಿದಾಗ ತಮಗೇ ಗೊತ್ತಿಲ್ಲದೆ ಸುತ್ತು ಹೊಡೆದು, ತಾವು ನಡೆದ ದಾರಿಯನ್ನೇ ಅಡ್ಡ ದಾಟಿದರು. ಮಂಜು ಕವಿದಾಗ ‘ನನಗೆ ದಿಕ್ಕು ಗೊತ್ತು’ ಎನ್ನುವವನನ್ನು ನಂಬಬಾರದು. ಹೊಳೆ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬುದೂ ಅಪಾಯದ ಬುದ್ಧಿವಾದ. ಘಟ್ಟದಲ್ಲಿ ಅದು ಜಲಪಾತದ ನೆತ್ತಿಗೆ ಒಯ್ಯುತ್ತದೆ, ಹಿಮಾಲಯದಲ್ಲಿ ಕೊರಕಲಿಗೆ. ದಾರಿ ತಪ್ಪಿತು ಎನಿಸಿದಲ್ಲಿ ಕೂರುವುದೇ ಸರಿ. ಸೀಟಿ ಇದ್ದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಇದು ಬೆಟ್ಟಗಳಲ್ಲಿ ಬಹಳ ಕಡೆ ಗೊತ್ತಿರುವ ಸಂಕೇತ.

ಇನ್ನು ಮೊಬೈಲ್. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾನೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ತಾನು ಎಲ್ಲಿದ್ದೇನೆ ಎಂದು ಅವನಿಗೆ ಗೊತ್ತಾಗುತ್ತದೆ. ನಿಮಗೆ ಗೊತ್ತಾಗಬೇಕಾದರೆ ಟವರ್ ಬೇಕು. ಖೀರ್‌ಗಂಗಾ ದಾಟಿದ ಮೇಲೆ ಸಿಗ್ನಲ್ ಮರೆತುಬಿಡಬೇಕು. ಕರ್ನಾಟಕದ ಹಲವು ಬೆಟ್ಟಗಳಲ್ಲಿ ಹಾಗಿಲ್ಲ. 2022ರ ಫೆಬ್ರುವರಿಯಲ್ಲಿ ನಂದಿ ಬೆಟ್ಟದಲ್ಲಿ ಜಾರಿ ಬಿದ್ದು ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿ ಬದುಕಿದ್ದು ಫೋನ್ ಹತ್ತಿದ್ದರಿಂದ, ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದದ್ದರಿಂದ. ಅದೇ ಧೈರ್ಯ ಕಟ್ಟಿಕೊಂಡು ಹುಡುಗರು ಹಿಮಾಲಯಕ್ಕೆ ಹೋಗುತ್ತಾರೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ತೆಗೆದುಕೊಡೋಣ ಎಂದು ನಿಮಗೆ ಯಾರಾದರೂ ಹೇಳಿದರೆ, ಆತುರ ಬೇಡ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದದ್ದುಂಟು. ಜೀವ ಉಳಿಸುವ ವಸ್ತುವಿಗೆ ಇಷ್ಟು ಕಟ್ಟುನಿಟ್ಟು ಬೇಕೇ ಎಂಬ ಸಿಟ್ಟು ನನಗೂ ಇದೆ, ಆದರೆ ಕಾನೂನು ಕಾನೂನೇ.

ಹಾಗಾದರೆ ದಾರಿ ಏನು? ತಂಡದ ಜತೆ ಹೋಗುವುದು ಒಂದು. ತಂಡವೆಂದರೆ ಕವಚ ಎಂದು ತಿಳಿಯಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ 22 ಜನರ ತಂಡ, ಹೆಚ್ಚಿನವರು ನಮ್ಮ ಬೆಂಗಳೂರಿನವರು, ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಆದರೂ ಒಂದು ವ್ಯತ್ಯಾಸ ನೋಡಿ. ಅವರು ಎಲ್ಲಿದ್ದಾರೆಂದು ಗೊತ್ತಿತ್ತು, ಸುದ್ದಿ ಮುಟ್ಟಿಸುವವರಿದ್ದರು, 13 ಜನ ಬದುಕಿ ಬಂದರು. ಯಾರೂ ಕಾಣೆಯಾಗಲಿಲ್ಲ.

ಒಂಟಿಯಾಗಿಯೇ ಹೋಗಬೇಕೆಂಬ ಆಸೆ ಅವನದಾದರೆ, ಕಣಿವೆಯ ಹಳ್ಳಿಯವನೇ ಆದ ನೋಂದಾಯಿತ ಗೈಡ್ ಒಬ್ಬನನ್ನು ಕರೆದುಕೊಂಡು ಇಬ್ಬರೇ ಹೋಗಲಿ. ನನ್ನ ಸಲಹೆ ಇದೇ. ಮೌನ ಬೇಕಿದ್ದರೆ ಆತ ಐವತ್ತು ಹೆಜ್ಜೆ ಹಿಂದೆ ಬರುತ್ತಾನೆ, ನಾಲಾ ಬಂದಾಗ ಮುಂದೆ ಬರುತ್ತಾನೆ. ದಾರಿಯಲ್ಲಿ ಪರಿಚಯವಾದ ಬಾಬಾನನ್ನೋ, ಕೆಫೆಯಲ್ಲಿ ಸಿಕ್ಕ ‘ಭಯ್ಯಾ’ನನ್ನೋ ಗೈಡ್ ಮಾಡಿಕೊಳ್ಳಬಾರದು. ಹೊರಡುವ ಮುನ್ನ ಗೈಡ್‌ನ ಹೆಸರು, ಊರು, ಗುರುತಿನ ಚೀಟಿಯ ಫೋಟೋ ನಿಮ್ಮ ಕೈಸೇರಬೇಕು.

ಅದಕ್ಕೂ ಒಪ್ಪದಿದ್ದರೆ ಖೀರ್‌ಗಂಗಾದವರೆಗೆ ಮಾತ್ರ ಒಬ್ಬನೇ ಹೋಗಿ ಬರಲಿ. ಸೆಪ್ಟೆಂಬರ್ ಎರಡನೇ ಭಾಗ ಒಳ್ಳೆಯ ಕಾಲ, ಮಳೆ ಹಿಂದೆ ಸರಿಯುತ್ತಿರುತ್ತದೆ. ಮಾನ್‌ತಲಾಯ್ ಸುಮಾರು 4,100 ಮೀಟರ್. ಅಲ್ಲಿ ಎತ್ತರದ ಕಾಯಿಲೆಯೂ ಸೇರಿಕೊಳ್ಳುತ್ತದೆ. ತಲೆನೋವು, ವಾಂತಿಯಾದಾಗ ಗೊತ್ತಾಗುತ್ತದೆ. ಮಿದುಳಿಗೆ ನೀರು ತುಂಬತೊಡಗಿದರೆ ಮೊದಲು ಹೋಗುವುದು ನಡಿಗೆಯ ಹದ ಮತ್ತು ಬುದ್ಧಿಯ ಸ್ಥಿಮಿತ. ಒಬ್ಬನೇ ಇದ್ದವನಿಗೆ ತನ್ನ ಬುದ್ಧಿ ಮಸುಕಾಗಿದೆ ಎಂದು ಹೇಳುವವರು ಯಾರು?

ಯಾವ ದಾರಿ ಆರಿಸಿದರೂ ಒಂದು ಹಾಳೆ ಬರೆಸಿಕೊಳ್ಳಿ. ಯಾವ ರಾತ್ರಿ ಎಲ್ಲಿ ಮಲಗುತ್ತಾನೆ, ಟೆಂಟ್ ಮತ್ತು ಜಾಕೆಟ್ ಯಾವ ಬಣ್ಣ, ಯಾವ ದಿನ ಎಷ್ಟು ಗಂಟೆಯೊಳಗೆ ಬರ್ಶೈನಿಯಿಂದ ಫೋನ್ ಮಾಡುತ್ತಾನೆ, ಮಾಡದಿದ್ದರೆ ನೀವು ಎಷ್ಟು ಗಂಟೆಗೆ ಪೊಲೀಸರಿಗೆ ಹೇಳುತ್ತೀರಿ. ಆ ಕೊನೆಯ ಗಂಟೆಯನ್ನು ಅವನೇ ಬರೆಯಲಿ. ‘ಹತ್ತೊಂಬತ್ತನೇ ತಾರೀಕು ಸಂಜೆ ಆರು’ ಎಂದರೆ ಸಂಜೆ ಆರು. ಬೂಟಿನ ಅಡಿಭಾಗದ ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಕೆಸರಿನಲ್ಲಿ ಕಂಡ ಹತ್ತು ಗುರುತುಗಳಲ್ಲಿ ಅವನದು ಯಾವುದೆಂದು ಹುಡುಕುವವರು ಅದರಿಂದಲೇ ಹೇಳುತ್ತಾರೆ. ಮಾರ್ಗ ಬದಲಿಸಬೇಕೆನಿಸಿದರೆ ಬದಲಿಸಲಿ, ಆದರೆ ಸಿಗ್ನಲ್ ಇರುವಲ್ಲಿ ನಿಂತು ಹೇಳಿಯೇ ಬದಲಿಸಲಿ.

ಆ ಗಂಟೆ ಮೀರಿದರೆ 112ಕ್ಕೆ ಮತ್ತು ಕುಲ್ಲು ಜಿಲ್ಲೆಯ ಪೊಲೀಸರಿಗೆ ಫೋನ್ ಮಾಡಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಇಲ್ಲ, ಯಾರಾದರೂ ಹಾಗೆಂದರೆ ಕೇಳಬೇಡಿ. ದೂರನ್ನು ಶಿರಸಿ ಠಾಣೆಯಲ್ಲೂ ಕೊಡಬಹುದು. ಕೊನೆಯ ಟವರ್ ಎಲ್ಲಿ ಸಿಕ್ಕಿತು ಎಂಬುದನ್ನು ಕಂಪನಿಯಿಂದ ತರಿಸುವುದು ಪೊಲೀಸರ ಕೈಯಲ್ಲಿದೆ, ಅದನ್ನು ಮೊದಲ ದಿನವೇ ಕೇಳಿ. ಅವನ ನಂಬರಿಗೆ ಕರೆ ಮಾಡುತ್ತಲೇ ಇರಬೇಡಿ, ಒಂದು ಎಸ್‌ಎಂಎಸ್ ಹಾಕಿಡಿ. ಒಂದು ಗಳಿಗೆ ಸಿಗ್ನಲ್ ಬಂದರೂ ಅದು ತಲುಪುತ್ತದೆ.

ಇನ್ನು ಮನೆಯ ಮಾತು. ಅಳುವುದು, ಆಣೆ ಹಾಕಿಸುವುದು ಬೇಡ. ಇಪ್ಪತ್ತಾರರ ಮಗ ಅದಕ್ಕೆ ಬಗ್ಗುವುದಿಲ್ಲ, ಮುಂದಿನ ಸಲ ಗೋವಾಕ್ಕೆ ಎಂದು ಹೇಳಿ ಹಿಮಾಚಲದ ಬಸ್ಸು ಹತ್ತುತ್ತಾನೆ. ಹೋಗು, ಗೈಡ್‌ನ ಖರ್ಚು ನಾನು ಕೊಡುತ್ತೇನೆ ಅನ್ನಿ. ನಾಲ್ಕೈದು ದಿನದ ಗೈಡ್ ಕೂಲಿ ಅವನ ಬೂಟು, ಜಾಕೆಟ್ಟಿನ ಬೆಲೆಗಿಂತ ಬಹಳ ಹೆಚ್ಚೇನೂ ಆಗದು. ಹಾಳೆಯನ್ನು ಊಟದ ಮೇಜಿನ ಮೇಲಿಟ್ಟು ಅವನ ಕೈಯಿಂದಲೇ ತುಂಬಿಸಿ, ಒಂದು ಪ್ರತಿ ಅವನ ಬೆಂಗಳೂರಿನ ಗೆಳೆಯನ ಹತ್ತಿರವೂ ಇರಲಿ.